ಎಡಕ್ಕೆ ಅಜ್ಜಾರು, ಬಲಕ್ಕೆ ಉಳಿದವರೆಲ್ಲ

ಕಾಕಾ ನನ್ನ ಅಂಗಡಿಗೆ ಬಂದಾಗ ನಾನು ಒಂದು ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದೆ. ಬೈಲಹೊಂಗಲದ ಬಜಾರದಲ್ಲಿ ಲಗ್ನಕ್ಕೆ, ಉರುಸಿಗೆ, ಭಾಷಣಕ್ಕೆ ಮೈಕು ಬಾಡಿಗೆ ಕೊಡುವ ಅಂಗಡಿ ನನ್ನದು. ಕಾಕಾ ಹೂಲಿಯ ರೈತರು, ಅಲ್ಲಿಯ ಭಜನಾ ಮೇಳದಲ್ಲಿ ಹಿಮ್ಮೇಳ ಹಾಡುವವರು. ಮೇಳದಲ್ಲಿ ಒಬ್ಬರು ಸಾಲನ್ನು ಎತ್ತಿ ಹಾಡುತ್ತಾರೆ. ಆ ಸಾಲು ಮುಗಿಯುತ್ತಿದ್ದಂತೆಯೇ ಅದರ ಬಾಲ ಹಿಡಿದು ಇನ್ನೊಬ್ಬರು ತಿರುಗಿ ಹಾಡುತ್ತಾರೆ. ಕಾಕಾ ನಲವತ್ತು ವರ್ಷದಿಂದ ಒಬ್ಬರದೇ ಬಾಲ ಹಿಡಿದುಕೊಂಡು ಬಂದಿದ್ದರು. ಆ ಒಬ್ಬರನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತೇನೆ. ಕಾಕಾ ಮಾತ್ರ ಅಣ್ಣ ಎನ್ನುತ್ತಿದ್ದರು.

ಅಜ್ಜಾರ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಬೆಳಗಾವಿಯ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಜೀವ ಉಳಿಯುತ್ತದೆ, ದನಿಪೆಟ್ಟಿಗೆ ಉಳಿಯುವುದಿಲ್ಲ, ಕುತ್ತಿಗೆಯಲ್ಲಿ ತೂತು ಮಾಡಿ ಅಲ್ಲಿಂದಲೇ ಉಸಿರಾಡಬೇಕು ಎಂದು ಬಿಡಿಸಿ ಹೇಳಿದ್ದರಂತೆ. ಕಾಕಾ ಇಷ್ಟನ್ನೂ ಹತ್ತಿಯ ರೇಟು ಹೇಳುವ ಹಾಗೆ ನೆಟ್ಟಗೆ ಹೇಳಿದರು. ಆಮೇಲೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ತಮ್ಮಾ, ಅಣ್ಣನ ದನಿ ಹೋಗೂದಕ್ಕಿಂತ ಮೊದಲ ಹಿಡದ ಇಡಬೇಕಲ್ಲಾ. ಮೊಬೈಲಿನ್ಯಾಗ ಬ್ಯಾಡ. ಅದರಾಗ ಬರೇ ಪೇಟಿ ಕೇಳತೈತಿ, ಅಣ್ಣ ಕೇಳೂದಿಲ್ಲ."

ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಅವರು ಹೇಳಿದ್ದು ನಿಜವೇ. ಪ್ರತಿ ವರ್ಷ ಶ್ರಾವಣದಲ್ಲಿ ಯಾರೋ ಒಬ್ಬರು ಮೊಬೈಲು ಎತ್ತಿ ಹಿಡಿಯುತ್ತಾರೆ, ಹಿಡಿದದ್ದರಲ್ಲಿ ಪೇಟಿಯೂ ತಾಳವೂ ಸೇರಿ ಅಜ್ಜಾರನ್ನು ಹೂತು ಹಾಕಿರುತ್ತವೆ. ಕಾಕಾರಿಗೆ ಬೇಕಾಗಿದ್ದದ್ದು ಒಂದೇ. ಅಜ್ಜಾರ ದನಿ ಬೇರೆಯಾಗಿ ಸಿಗಬೇಕು, ಆಮೇಲೆ ಬೇಕಾದಷ್ಟು ಪೇಟಿ ಕೂಡಿಸಿಕೊಳ್ಳಬಹುದು. ನಾನು ಅದೆಂಥ ದೊಡ್ಡ ಕೆಲಸ ಬಿಡ್ರಿ ಎಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ ಹೋಗುತ್ತದೆ.

ಮರುದಿನ ಹುಬ್ಬಳ್ಳಿಗೆ ಹೋಗಿ ಸಣ್ಣದೊಂದು ಮಿಕ್ಸರು ಕೊಂಡೆ. ನನ್ನ ಹಳೆಯ ಮಿಕ್ಸರಿಗೆ ಕಂಪ್ಯೂಟರಿನ ಸಂಪರ್ಕ ಇರಲಿಲ್ಲ, ಇದಕ್ಕೆ ಯುಎಸ್‌ಬಿ ಇತ್ತು. ಇಲ್ಲಿ ನಮ್ಮ ದಂಧೆಯ ಒಂದು ಚಟ ಹೇಳಬೇಕು. ಮೈಕಿನವರು ಮಿಕ್ಸರು ಕೊಳ್ಳುವಾಗ ಎಷ್ಟು ಮೈಕು ಹತ್ತುತ್ತವೆ ಎಂದಷ್ಟೇ ಕೇಳುತ್ತೇವೆ. ಒಳಗೆ ಹೋಗುವ ತೂತುಗಳನ್ನು ಬೆರಳಿಟ್ಟು ಎಣಿಸುತ್ತೇವೆ, ಹೊರಗೆ ಬರುವುದನ್ನು ಎಣಿಸಿದವರನ್ನು ನಾನು ಕಂಡಿಲ್ಲ. ಹೊರಗೆ ಬರುವುದು ಒಂದೇ ದನಿ, ಅದು ಇಡೀ ಊರಿಗೆ ಕೇಳಿದರೆ ಮುಗಿಯಿತು. ನಮ್ಮಪ್ಪ ಎರಡು ಭೋಂಗಾ ಸ್ಪೀಕರುಗಳನ್ನು ಬೇವಿನ ಗಿಡಕ್ಕೆ ಕಟ್ಟಿ ಕಲಿಸಿದ ವಿದ್ಯೆ ಅದು. ಡಬ್ಬಿಯ ಮೇಲೆ ಎಂಟು ಚಾನೆಲ್ ಎಂದು ಬರೆದಿತ್ತು. ಎಂಟು ಒಳಗೆ ಹೋದರೆ ಎಂಟು ಹೊರಗೆ ಬರಲೇಬೇಕಲ್ಲ ಎಂದುಕೊಂಡು, ಜೊತೆಗೆ ಒಂದು ಕಂಡೆನ್ಸರ್ ಮೈಕನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ.

ಅಂಗಡಿಯ ಮೇಜಿನ ಮೇಲೆ ನಾಲ್ಕು ಮೈಕು ಜೋಡಿಸಿ ಲ್ಯಾಪ್‌ಟಾಪಿಗೆ ವೈರು ಚುಚ್ಚಿದೆ. ಪರದೆಯ ಮೇಲೆ ಎರಡೇ ಗೆರೆ ಮೂಡಿದವು. ಒಂದೊಂದೇ ಮೈಕಿನ ಮುಂದೆ ಹೋಗಿ ಕೆಮ್ಮಿದೆ, ಎರಡೂ ಗೆರೆಗಳು ಒಟ್ಟಿಗೇ ಕುಣಿದವು. ವೈರು ಬದಲಿಸಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಬೇರೆ ಸಾಫ್ಟ್‌ವೇರ್ ಹಾಕಿದೆ. ಎರಡು ಮೂರಾಗಲಿಲ್ಲ. ಕೊನೆಗೆ ಅಂಗಡಿಯವನಿಗೆ ಫೋನು ಮಾಡಿ, ಮಾಲು ಕೆಟ್ಟದ್ದು ಕೊಟ್ಟಿದ್ದೀರಿ ಎಂದು ಜಗಳಕ್ಕೇ ನಿಂತೆ.

ಆತ ಪೂರ್ತಿ ಕೇಳಿಸಿಕೊಂಡು ಶಾಂತವಾಗಿ ಉತ್ತರ ಕೊಟ್ಟ. "ಮಾಲ ಕೆಟ್ಟಿಲ್ರಿ. ಅದು ಎಲ್ಲಾ ಕಲಿಸಿ ಎರಡ ಮಾಡಿ ಕೊಡೂ ಮಿಕ್ಸರ. ಗಿರಣ್ಯಾಗ ಜ್ವಾಳಾ ಗೋದಿ ಕೂಡೆ ಹಾಕಿ, ಹಿಟ್ಟ ಬ್ಯಾರೆ ಬ್ಯಾರೆ ಕೊಡು ಅಂದ್ರ ಹೆಂಗ ಕೊಡತೈತ್ರಿ?"

ಎಲ್ಲ ಮೈಕೂ ಬೇರೆ ಬೇರೆ ಹೊರಗೆ ಬರುವಂಥದ್ದು ಬೇಕಾದರೆ ಹೊರಗಿನಿಂದ ತರಿಸಬೇಕು, ಹದಿನೈದು ದಿನವಾದರೂ ಬೇಕು ಎಂದ. ಆಪರೇಷನ್ನಿಗೆ ಉಳಿದಿದ್ದದ್ದು ಎಂಟು ದಿನ. ಧಾರವಾಡದ ಸ್ಟುಡಿಯೋ ಒಂದರಲ್ಲಿ ಕೇಳಿದೆ, ಅಲ್ಲಿಯೂ ಆ ವಾರ ಜಾಗ ಇರಲಿಲ್ಲ.

ಡಬ್ಬಿಯಲ್ಲಿದ್ದ ಪುಸ್ತಕವನ್ನು ಆಗ ತೆಗೆದು ಓದಿದೆ. ಕೊನೆಯ ಪುಟದಲ್ಲಿ ನಕ್ಷೆ ಇತ್ತು. ಎಂಟು ಗೆರೆಗಳು ಎಡದಿಂದ ಹೊರಟು ಎರಡು ದಪ್ಪ ಗೆರೆಗಳಲ್ಲಿ ಕೂಡುತ್ತಿದ್ದವು. ಸ್ಪೀಕರಿಗೆ ಹೋಗುವುದು ಆ ಎರಡೇ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೂ ಅದೇ, ಯುಎಸ್‌ಬಿಗೂ ಅದೇ. ಬಾಗಿಲು ಮೂರಿದ್ದರೂ ಹೊರಬರುವವರು ಅದೇ ಇಬ್ಬರು. ಆದರೆ ಆ ನಕ್ಷೆಯಲ್ಲಿ ಪ್ರತಿ ಗೆರೆಯೂ ಕೂಡುವ ಮೊದಲು ತಿರುಗಿಸುವ ಒಂದು ಸಣ್ಣ ಗುಂಡಿಯನ್ನು ದಾಟುತ್ತಿತ್ತು. ಪ್ಯಾನ್ ಎಂದು ಬರೆದ ಆ ಗುಂಡಿ ನನ್ನ ಹಳೆಯ ಮಿಕ್ಸರಿನಲ್ಲೂ ಇದೆ, ಇಷ್ಟು ವರ್ಷ ಅದನ್ನು ನಡುವಿನಿಂದ ಅಲುಗಿಸಿದವನಲ್ಲ. ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಆ ಮೈಕು ಎಡಗೆರೆಯಲ್ಲಿ ಮಾತ್ರ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಬಲಗೆರೆಯಲ್ಲಿ. ಎಂಟು ಸಿಗುವುದಿಲ್ಲ, ಎರಡು ಸಿಗುತ್ತವೆ. ಅಜ್ಜಾರ ಮೈಕನ್ನು ಒಂದು ಕಡೆ ಇಟ್ಟರೆ ಕಾಕಾರ ಆಸೆ ನೆರವೇರುತ್ತದೆ. ಅವತ್ತು ಸಂಜೆ ಖುಷಿಯಿಂದ ಅಂಗಡಿ ಬಾಗಿಲು ಹಾಕಿದೆ.

ಎರಡರ ಜೊತೆ ಮೂರನೆಯ ದನಿಯೊಂದನ್ನು ಹೊರತರುವ ದಾರಿಯನ್ನೂ ಹುಡುಕಿದ್ದೆ, ಅದನ್ನು ಬಚ್ಚಿಡಬಾರದು. ಮಿಕ್ಸರಿನ ಬೆನ್ನಿನಲ್ಲಿ, ಪ್ರತಿಧ್ವನಿ ಕೂಡಿಸುವಂಥ ಎಫೆಕ್ಟ್ ಸಾಮಾನಿಗೆ ದನಿ ಕಳಿಸುವ ಇನ್ನೊಂದು ತೂತು ಇರುತ್ತದೆ. ಬೇಕಾದ ಒಂದು ಮೈಕನ್ನು ಮಾತ್ರ ಅದರಿಂದ ಹೊರಗೆ ತೆಗೆಯಬಹುದು. ಅದನ್ನು ನನ್ನ ಮೊಬೈಲಿಗೆ ವೈರಿನಿಂದ ಜೋಡಿಸಿ ರೆಕಾರ್ಡು ಮಾಡಿ ನೋಡಿದೆ. ದನಿ ಒಡೆದು ಗರಗರ ಎಂದಿತು, ಹಿಂದೆ ಗುಂಯ್ ಎಂದು ಕರೆಂಟಿನ ಸದ್ದು. ಒಂದು ತಾಸು ಗುದ್ದಾಡಿ, ಹಾಳಾಗಿ ಹೋಗಲಿ ಎಂದು ಬಿಟ್ಟೆ. ಮಿಕ್ಸರಿನಿಂದ ಬರುವ ದನಿ ಮೊಬೈಲಿಗೆ ಬಲು ಜೋರು, ನಡುವೆ ಎರಡು ರೆಸಿಸ್ಟರು ಬೆಸೆದು ಅದನ್ನು ತಗ್ಗಿಸಬೇಕಿತ್ತು. ಅಂಥವು ನನ್ನ ಮೇಜಿನ ಡ್ರಾಯರಿನಲ್ಲಿ ಹಿಡಿಹಿಡಿ ಬಿದ್ದಿವೆ. ಇದು ಹೊಳೆದದ್ದು ಎರಡು ತಿಂಗಳ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೂಲಿಯಲ್ಲಿ ಕಾಕಾರ ಮನೆಯ ಒಂದು ಕೋಣೆ ತುಂಬ ಹತ್ತಿ ಇತ್ತು. ರೇಟು ಏರಲಿ ಎಂದು ಮಾರದೆ ಜಂತಿಯವರೆಗೆ ಒಟ್ಟಿದ್ದರು. ಗುಡಿಯಲ್ಲಿ ಹಾಡಿಸೋಣ ಎಂದು ಅವರ ಮನಸ್ಸಿನಲ್ಲಿತ್ತು, ಕಲ್ಲಿನ ಗುಡಿಯಲ್ಲಿ ದನಿ ಗುಂಯ್‌ಗುಡುತ್ತದೆ, ನಾನು ಬೇಡವೆಂದೆ. ಹತ್ತಿಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದರೆ ಸದ್ದು ಅಲ್ಲಿಯೇ ಸತ್ತುಹೋಯಿತು. ಅದಕ್ಕಿಂತ ಒಳ್ಳೆಯ ಸ್ಟುಡಿಯೋ ನಮಗೆ ಸಿಗುತ್ತಿರಲಿಲ್ಲ. ನಡುವಿನ ಹತ್ತಿ ಸರಿಸಿ ಐದು ಜನ ಕೂಡುವಷ್ಟು ಜಾಗ ಮಾಡಿಕೊಂಡೆವು. ಪೇಟಿಯವರು, ತಬಲಾದವರು, ಅಜ್ಜಾರು, ಕಾಕಾ ಮತ್ತು ನಾನು. ತಾಳ ಕಾಕಾರ ಕೈಯಲ್ಲೇ ಇರುತ್ತಿತ್ತು.

ಅಜ್ಜಾರ ಮುಂದೆ ಕಂಡೆನ್ಸರ್ ಮೈಕು ಇಟ್ಟೆ. ಅದು ಸೂಕ್ಷ್ಮ, ಎದುರಿನವರ ಉಸಿರನ್ನೂ ಹಿಡಿಯುತ್ತದೆ, ಪಕ್ಕದವರ ಮಾತನ್ನೂ ಕದಿಯುತ್ತದೆ. ಕಾಕಾರಿಗೆ ಲಗ್ನದ ಮಾಮೂಲಿ ಮೈಕು ಕೊಟ್ಟೆ. ಆಗ ಗುಂಡಿಯ ಪ್ರಶ್ನೆ ಬಂತು. ಅಜ್ಜಾರದು ಎಡಕ್ಕೆ ಎಂದು ಮೊದಲೇ ಗಟ್ಟಿಯಾಗಿತ್ತು. ಪೇಟಿ ತಬಲಾ ಬಲಕ್ಕೆ. ಕಾಕಾರನ್ನು ಎಲ್ಲಿ ಹಾಕಬೇಕು? ಎಡಕ್ಕೆ ಹಾಕಿದರೆ ಅಜ್ಜಾರ ದನಿಗೆ ಇನ್ನೊಂದು ದನಿ ಅಂಟಿಕೊಳ್ಳುತ್ತದೆ. ಬಲಕ್ಕೆ ಹಾಕಿದರೆ ಕಾಕಾ ಪೇಟಿಯ ಜೊತೆ ಕಲೆತು ಹೋಗುತ್ತಾರೆ, ಮುಂದೆ ಯಾವತ್ತೂ ಬೇರೆ ಮಾಡಲಾಗುವುದಿಲ್ಲ. ಇದನ್ನು ಅವರಿಗೇ ಹೇಳಿದೆ. ಮಿಕ್ಸರಿನಿಂದ ಎರಡೇ ಹೊರಗೆ ಬರುತ್ತವೆ, ನನ್ನದು ತಪ್ಪಾಗಿದೆ ಎಂಬುದನ್ನೂ ಹೇಳಿದೆ.

ಕಾಕಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ನನ್ನ ಪೇಟಿ ಕಡೆ ಹಾಕ ತಮ್ಮಾ. ಅಣ್ಣನ ದನಿ ಅಷ್ಟ ಚೊಕ್ಕ ಬರಲಿ. ನಂದೇನು, ನಾ ಎಲ್ಲಿ ಹೊಂಟೇನಿ?"

ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಅದು ಕೊನೆ ಮುಟ್ಟಿದಾಗ ಆದ ಟಕ್ ಎನ್ನುವ ಸದ್ದು ಈಗಲೂ ನನ್ನ ಬೆರಳಿನಲ್ಲಿದೆ.

ಮೊದಲ ದಿನ ಕೆಟ್ಟಿತು. ಕಾಕಾರ ದನಿ ಅಜ್ಜಾರ ಮೈಕಿನೊಳಗೆ ಸೋರಬಾರದೆಂದು ಇಬ್ಬರನ್ನೂ ಆರು ಅಡಿ ದೂರ ಕೂರಿಸಿ, ನಡುವೆ ಹಗ್ಗ ಕಟ್ಟಿ ದಪ್ಪನೆಯ ಎರಡು ಕೌದಿ ಇಳಿಬಿಟ್ಟಿದ್ದೆ. ಅಜ್ಜಾರು ಸಾಲು ಎತ್ತಿದರು. ಅದರ ಬಾಲ ಹಿಡಿಯಲು ಕಾಕಾ ತಡವಾದರು. ಎರಡನೆಯ ಸಲ ಮೊದಲೇ ಬಂದುಬಿಟ್ಟರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲವೆಂದು ಪೇಟಿಯವರು ಬಾರಿಸುವುದನ್ನೇ ನಿಲ್ಲಿಸಿದರು. ಅಜ್ಜಾರ ಗಂಟಲು ದಿನಕ್ಕೆ ನಾಲ್ಕು ಭಜನೆಯ ಪದಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಅದರಲ್ಲಿ ಎರಡನ್ನು ನನ್ನ ಕೌದಿ ತಿಂದುಹಾಕಿತು. ನನಗೆ ಸಿಟ್ಟು ಬಂದು, ಇಷ್ಟು ವರ್ಷ ಹಾಡಿದವರಿಗೆ ಒಂದು ಬಟ್ಟೆ ಅಡ್ಡ ಬಂದರೆ ತಾಳ ತಪ್ಪುತ್ತದೆಯೇ ಎಂದು ಗೊಣಗಿದೆ.

ಅಜ್ಜಾರು ಬಿಸಿನೀರು ಗುಟುಕರಿಸಿ, ಒಡೆದ ದನಿಯಲ್ಲಿ ನಿಧಾನವಾಗಿ ಹೇಳಿದರು. "ಅವನ ಮೊಣಕಾಲ ನನ್ನ ಮೊಣಕಾಲಿಗೆ ಹತ್ತಿರಬೇಕಪಾ. ನಾ ಉಸರ ಬಿಡೂ ಮೊದಲ ಕಾಲ ಒತ್ತತೇನಿ, ಅವ ಹಿಡಕೋತಾನ. ನಾವು ಕಿವೀಲೆ ಹಾಡಾವರಲ್ಲ."

ಕೌದಿ ಬಿಚ್ಚಿದೆ. ಇಬ್ಬರೂ ಎಂದಿನಂತೆ ಮೊಣಕಾಲಿಗೆ ಮೊಣಕಾಲು ಹತ್ತಿಸಿ ಕುಳಿತರು. ಹೆಡ್‌ಫೋನು ಹಾಕಿಕೊಂಡು ಎಡಗಡೆ ಮಾತ್ರ ಕೇಳಿದರೆ, ಅಜ್ಜಾರ ಸಾಲು ಮುಗಿದ ಕೂಡಲೇ ಹಿಂದಿನಿಂದ ಕಾಕಾರ ದನಿ ಸಣ್ಣಗೆ ತೂರಿಕೊಂಡು ಬರುತ್ತಿತ್ತು. ಅದನ್ನು ಹೇಗಾದರೂ ತಡೆಯಬೇಕೆಂದು ಮೈಕನ್ನು ಓರೆ ಮಾಡಿದೆ, ಅಜ್ಜಾರ ಬಾಯಿಗೆ ಇನ್ನಷ್ಟು ಹತ್ತಿರ ತಂದೆ. ಅಜ್ಜಾರ ದನಿ ಕಾಕಾರ ಮೈಕಿಗೂ ಹೋಗಬಾರದೆಂದು ಕಾಕಾರ ಮೈಕಿನ ದನಿಯನ್ನು ಆದಷ್ಟು ತಗ್ಗಿಸಿದೆ. ಕಾಕಾರಿಗೆ ಮೆಲ್ಲಗೆ ಹಾಡ್ರಿ ಎಂದೂ ಅಂದೆ. ಅವರು ತಲೆಯಾಡಿಸಿದರು, ಆದರೆ ಪದ ಏರಿದಾಗ ಮರೆತುಬಿಡುತ್ತಿದ್ದರು. ಆ ಸೋರಿಕೆಯನ್ನು ಮೂರು ದಿನ ಬೈದುಕೊಂಡೆ.

ಎರಡನೆಯ ದಿನ ಕಬ್ಬಿನ ಟ್ರ್ಯಾಕ್ಟರುಗಳು ಕಾಡಿದವು. ಕಾರ್ಖಾನೆಯ ಹಂಗಾಮು, ಎರಡೆರಡು ಟ್ರೇಲರು ಎಳೆದುಕೊಂಡು, ಡೆಕ್ಕಿನಲ್ಲಿ ಪೂರ್ತಿ ಜೋರು ಹಾಡು ಹಚ್ಚಿಕೊಂಡು ಮನೆಯ ಮುಂದೆಯೇ ಹೋಗುತ್ತಿದ್ದವು. ಕಾಕಾ ಎರಡು ಸಲ ಓಡಿಹೋಗಿ ರಸ್ತೆಯಲ್ಲಿ ಅಡ್ಡ ನಿಂತು ಕೈಮುಗಿದು ಬಂದರು. ಮೂರನೆಯ ದಿನದ ಕೊನೆಯ ಪದದಲ್ಲಿ ಅಜ್ಜಾರ ದನಿ ನಡುವೆಯೇ ಕಟ್ಟಿತು. ಪೇಟಿ ಒಂದೇ ಸ್ವರ ಹಿಡಿದು ಕಾಯಿತು. ಕಾಕಾ ಆ ಸಾಲನ್ನು ತಾವೇ ಎತ್ತಬಹುದಿತ್ತು, ಪದ ಅವರಿಗೂ ಬಾಯಿಪಾಠವೇ. ಎತ್ತಲಿಲ್ಲ. ಹಿಮ್ಮೇಳದವನು ಸಾಲು ಎತ್ತುವ ಪದ್ಧತಿ ಇಲ್ಲ. ಅಜ್ಜಾರು ಮೂರು ಸಲ ಕೆಮ್ಮಿ, ಉಗುಳು ನುಂಗಿ, ಮತ್ತೆ ಎತ್ತುವವರೆಗೆ ತಾಳ ಹಿಡಿದುಕೊಂಡು ಸುಮ್ಮನೆ ಕುಳಿತೇ ಇದ್ದರು. ಒಟ್ಟು ಹತ್ತು ಪದಗಳಾದವು.

ಆಪರೇಷನ್ನು ಆಯಿತು. ನಾನು ಅಂಗಡಿಯಲ್ಲಿ ಕುಳಿತು ಪದಗಳನ್ನು ಚೊಕ್ಕಟ ಮಾಡಿದೆ. ಹಾಡಿನ ಹಿಂದೆ ಮುಂದೆ ಇದ್ದ ಮಾತು, ನಗೆ, ಮೈಕು ಪರೀಕ್ಷೆ ಮಾಡುವಾಗ ಪೇಟಿ ಶುರುವಾಗುವ ಮೊದಲು ಕಾಕಾ ಅಂದ ಮಾತುಗಳು, ಎಲ್ಲವನ್ನೂ ಕತ್ತರಿಸಿ ಅಳಿಸಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇತ್ತು, ಚೊಕ್ಕಟತನದ ಜಂಬವೂ ಇತ್ತು. ಕಾಕಾ ಬಂದು ಎಡಗಡೆಯ ದನಿಯನ್ನಷ್ಟೇ ಕೇಳಿ ಕಣ್ಣೊರೆಸಿಕೊಂಡರು. ತಮ್ಮ ದನಿಯನ್ನು ಎಷ್ಟು ಸಣ್ಣ ಮಾಡಿದರೂ ನಡೆಯುತ್ತದೆ ಎಂದು ಮತ್ತೊಮ್ಮೆ ಹೇಳಿ, ಪೆನ್‌ಡ್ರೈವನ್ನು ಎದೆಯ ಕಿಸೆಯಲ್ಲಿ ಇಟ್ಟುಕೊಂಡು ಸವದತ್ತಿಯ ಬಸ್ಸಿಗೆ ಹೋದರು.

ಅದಾಗಿ ಐದು ವಾರಕ್ಕೆ ಕಾಕಾ ತೀರಿಕೊಂಡರು. ಹೊಲದಿಂದ ಬಂದವರು ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರಂತೆ, ನೀರು ತರುವಷ್ಟರಲ್ಲಿ ಒರಗಿದ್ದರಂತೆ. ದನಿ ಹೋಗುತ್ತದೆ ಎಂದು ನಾವೆಲ್ಲ ಯಾರಿಗಾಗಿ ಓಡಾಡಿದ್ದೆವೋ ಅವರು ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಮಣ್ಣು ಕೊಡಲು ಬಂದಿದ್ದರು. ಆವತ್ತು ಮೇಳದವರು ಹಾಡಬೇಕಿತ್ತು. ಎತ್ತುವವರಿಗೆ ದನಿ ಇರಲಿಲ್ಲ, ಹಿಡಿಯುವವರು ಇರಲಿಲ್ಲ. ಪೇಟಿಯವರು ಒಬ್ಬರೇ ಬಾರಿಸಿದರು.

ಕಾಕಾರ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದಾರೆ. ದಿವಸದ ಕಾರ್ಯ ಮುಗಿಸಿಕೊಂಡು ಆಕೆ ನೆಟ್ಟಗೆ ನನ್ನ ಅಂಗಡಿಗೆ ಬಂದಳು. "ಅಣ್ಣಾರ, ಅಜ್ಜಾರ ದನಿ ಒಂದ ಬ್ಯಾರೆ ಮಾಡಿರೆಲ್ಲಾ, ಹಂಗ ನಮ್ಮಪ್ಪಂದೂ ಬ್ಯಾರೆ ಮಾಡಿ ಕೊಡ್ರಿ. ಒಂದ ಸಾಲಿದ್ರೂ ಸಾಕು." ಮೊಬೈಲಿನಲ್ಲಿ ಹುಡುಕಿದ್ದಾಳೆ. ಫೋಟೋ ಇವೆ, ದನಿ ಇಲ್ಲ. ಕಾಕಾ ಫೋನಿನಲ್ಲಿ ಮಾತನಾಡುತ್ತಿದ್ದರೇ ಹೊರತು ಯಾರೂ ಅದನ್ನು ಹಿಡಿದಿಟ್ಟಿರಲಿಲ್ಲ.

ಆಗುವುದಿಲ್ಲ ಎಂದು ಬಾಯಿಗೆ ಬರಲಿಲ್ಲ, ನೋಡುತ್ತೇನೆ ಎಂದೆ. ಬಲಗಡೆಯ ಗೆರೆಯನ್ನು ಹಾಕಿ ಕೇಳಿದೆ. ಪೇಟಿ, ತಬಲಾ, ತಾಳ, ಅವುಗಳ ಅಡಿಯಲ್ಲಿ ನಾನೇ ತಗ್ಗಿಸಿದ ಕಾಕಾ. ನಲವತ್ತು ವರ್ಷ ಪೇಟಿಯ ಸ್ವರಕ್ಕೆ ಹತ್ತಿ ಹಾಡಿದ ದನಿ, ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಧಾರವಾಡದ ಗೆಳೆಯನೊಬ್ಬ ಕಂಪ್ಯೂಟರಿನಲ್ಲಿ ಬೇರ್ಪಡಿಸಿ ಕೊಟ್ಟ. ಶಬ್ದಗಳ ಕೊನೆಗಳು ಕತ್ತರಿಸಿ ಹೋಗಿದ್ದವು, ಕಾಕಾ ಹಾಡುತ್ತಿದ್ದದ್ದೇ ಸಾಲುಗಳ ಕೊನೆಯನ್ನು. ಅದನ್ನು ಮಗಳಿಗೆ ಫೋನಿನಲ್ಲಿ ಕೇಳಿಸಿದೆ. ಇದು ನಮ್ಮಪ್ಪನ ದನಿ ಅಲ್ಲ ಎಂದಳು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಎರಡೇ ಹೊರಗೆ ಬರುವ ಮಿಕ್ಸರು ಕೊಂಡದ್ದು, ಗುಂಡಿ ಬಲಕ್ಕೆ ತಿರುಗಿಸಿದ್ದು, ಪರೀಕ್ಷೆಯ ಮಾತು ಅಳಿಸಿದ್ದು. ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ವಾರದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಹೆಡ್‌ಫೋನು ಹಾಕಿಕೊಂಡಾಗ, ಎಡಗಡೆಯ ಗೆರೆಯನ್ನು ಕಾಕಾರಿಗಾಗಿ ಒಮ್ಮೆಯೂ ಕೇಳಿಲ್ಲವೆಂದು ಹೊಳೆಯಿತು, ಕೂಡಲೇ ಅದನ್ನು ಹಚ್ಚಿದೆ. ಅಜ್ಜಾರ ಸಾಲು ಮುಗಿಯಿತು. ಉಸಿರು ಎಳೆದ ಸದ್ದು. ಆ ಸಂದಿನಲ್ಲಿ, ದೂರದಿಂದ, ಕಾಕಾ. ನಾನು ಮೂರು ದಿನ ಬೈದ ಸೋರಿಕೆ. ಪೇಟಿ ಕೋಣೆಯ ಆ ತುದಿಗಿತ್ತು, ಎಳೆಯಷ್ಟು ಕೇಳುತ್ತದೆ. ಕಾಕಾ ಮೊಣಕಾಲಿನ ದೂರದಲ್ಲಿದ್ದರು. ಸಣ್ಣಗಿದ್ದರೂ ಪೂರ್ತಿ ಅವರೇ, ಶಬ್ದದ ಕೊನೆಯಲ್ಲಿ ಎಳೆದು ಬಿಡುವ ರೀತಿಯೂ ಅವರದೇ. ನಾನು ಗೆದ್ದಿದ್ದರೆ, ಆ ಕೌದಿ ಅಲ್ಲಿಯೇ ಇದ್ದಿದ್ದರೆ, ಇದೂ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗಲೇ ಅತ್ತುಬಿಟ್ಟೆ.

ಮಗಳು ರಾಮದುರ್ಗದಿಂದ ಬಂದಳು. ಹೂಲಿಯ ಅದೇ ಕೋಣೆಯಲ್ಲಿ ಕೇಳೋಣ, ಅಜ್ಜಾರೂ ಇರಲಿ ಎಂದಳು. ಹತ್ತಿ ಮಾರಿಯಾಗಿತ್ತು. ಬರಿಗೋಡೆಗಳ ನಡುವೆ ಚಾಪೆ ಹಾಸಿದ್ದರು, ಮಾತನಾಡಿದರೆ ದನಿ ತಿರುಗಿ ಬರುತ್ತಿತ್ತು. ಅಜ್ಜಾರು ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡು ಹಾಡುವಾಗ ಕೂರುತ್ತಿದ್ದ ಜಾಗದಲ್ಲೇ ಕುಳಿತರು. ಸಣ್ಣ ಸ್ಪೀಕರು ಇಟ್ಟು ಎಡಗಡೆಯನ್ನು ಮಾತ್ರ ಹಚ್ಚಿದೆ.

ಅಜ್ಜಾರ ದನಿ ಕೋಣೆ ತುಂಬಿತು. ಮಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಅಪ್ಪ ಎಲ್ಲ್ಯದಾನ್ರಿ?" ಎಂದು ಕೇಳಿದಳು. ಸಾಲು ಮುಗಿಯಲಿ, ತಡೆಯವ್ವಾ ಎಂದೆ. ಸಾಲು ಮುಗಿಯಿತು, ಕಾಕಾ ಬಂದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನಷ್ಟು ಜೋರು ಮಾಡಲೇ ಎಂದು ಕೇಳಿದೆ, ತಲೆಯಾಡಿಸಿ ಬೇಡವೆಂದಳು. ಹೊಲದಿಂದ ಹಾಡಿಕೊಳ್ಳುತ್ತ ಬರುವಾಗ ಅಪ್ಪನ ದನಿ ಮನೆಗೆ ಇಷ್ಟೇ ಕೇಳುತ್ತಿತ್ತಂತೆ.

ಆಗ ನಾನು ಅಜ್ಜಾರ ಕಾಲನ್ನು ನೋಡಿದೆ. ಪ್ರತಿ ಸಾಲಿನ ಕೊನೆಗೆ, ಉಸಿರು ಬಿಡುವ ಸ್ವಲ್ಪ ಮೊದಲು, ಅವರ ಬಲ ಮೊಣಕಾಲು ಪಕ್ಕಕ್ಕೆ ವಾಲುತ್ತಿತ್ತು. ವಾಲಿ, ಏನೂ ಸಿಗದೆ, ಚಾಪೆಗೆ ತಾಗಿ ಹಿಂದಕ್ಕೆ ಬರುತ್ತಿತ್ತು. ಅವರಿಗೆ ಅದು ಗೊತ್ತಾಗುತ್ತಿತ್ತೋ ಇಲ್ಲವೋ ತಿಳಿಯದು. ಮಗಳೂ ಕಣ್ಣು ತೆರೆದು ಅದನ್ನೇ ನೋಡುತ್ತಿದ್ದಳು.

ಎರಡನೆಯ ಪದ ಶುರುವಾಗುವ ಮೊದಲು ಆಕೆ ಎದ್ದಳು. ಬಂದು ಅಜ್ಜಾರ ಬಲಕ್ಕೆ, ಅಪ್ಪ ಕೂರುತ್ತಿದ್ದ ಕಡೆ, ಅವರ ಮೊಣಕಾಲಿಗೆ ತನ್ನ ಮೊಣಕಾಲು ಹತ್ತಿಸಿ ಕುಳಿತಳು.